ಅರ್ಥವಾಗದೆ ತಲೆಯಾಡಿಸಬೇಡ

ಪುಟ್ಟಿ,

ನ್ಯೂಜರ್ಸಿಯ ಪ್ಯಾಲಿಸೇಡ್ಸ್ ಪಾರ್ಕಿನ ಕೊರಿಯನ್ ಸಲೂನಿಗೆ ಹೋಗಿ ಪರ್ಮ್ ಮಾಡಿಸಿಕೊಳ್ಳಬೇಕು ದೊಡ್ಡಮ್ಮ, ಹೋಗಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಹೋಗು. ಹೋಗುವ ಮುಂಚೆ ಇದನ್ನು ಪೂರ್ತಿ ಓದಿಕೊ. ಎಂಎಸ್ ಮಾಡಲು ಬಂದ ಹುಡುಗಿಯರು, ಹೊಸದಾಗಿ ಮದುವೆಯಾಗಿ ಎಡಿಸನ್‌ಗೋ ಜರ್ಸಿ ಸಿಟಿಗೋ ಬಂದಿಳಿದವರು, ಎಲ್ಲರೂ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ನಿನಗೆ ಬರೆದು ಕಳಿಸುತ್ತಿದ್ದೇನೆ. ನಿನ್ನ ತಮ್ಮನಿಗೂ ತೋರಿಸು, ಅವನಿಗೂ ಒಂದೆರಡು ಮಾತಿದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕುರ್ಚಿಯಲ್ಲಿ ಕೂತ ಮೇಲೆ, ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸಬೇಡ. ಇಂಗ್ಲಿಷ್ ನಿನಗೂ ಮನೆಮಾತಲ್ಲ, ಎದುರಿಗೆ ನಿಂತಿರುವ ಹೇರ್ ಡಿಸೈನರ್‌ಗೂ ಅಲ್ಲ. ಸುತ್ತ ಡ್ರೈಯರ್‌ಗಳ ಸದ್ದು. ಆಕೆ ನಿನ್ನ ಕೂದಲಿನ ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡಿ, ಕನ್ನಡಿಯಲ್ಲಿ ನಿನ್ನ ಮುಖ ನೋಡುತ್ತ ಏನೋ ಕೇಳುತ್ತಾಳೆ. ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಮತ್ತೆ ಮತ್ತೆ ಕೇಳಿದರೆ ಏನಂದುಕೊಳ್ಳುತ್ತಾಳೋ ಅನ್ನುವ ಸಂಕೋಚಕ್ಕೆ ನೀನು ತಲೆ ತೂಗುತ್ತೀಯ. ನಾವು ಅಡ್ಡಡ್ಡ ತೂಗುವ ತಲೆ ನಮಗೆ ‘ಆಯ್ತು’, ಬೇರೆಯವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ. ಅವರ ಕಡೆಯೂ ಇದೇ ತೊಡಕು. ನೀನು ಮಾತಾಡುತ್ತಿರುವಾಗ ಆಕೆ ‘ನೆ, ನೆ’ ಅಂತ ತಲೆ ಬಾಗಿಸಿದರೆ, ನೀನು ಹೇಳಿದ್ದಕ್ಕೆಲ್ಲ ಒಪ್ಪಿದಳು ಅಂತ ತಿಳಿಯಬೇಡ. ಎಷ್ಟೋ ಸಲ ಅದು ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವ ಮರ್ಯಾದೆ ಅಷ್ಟೇ. ಇಬ್ಬರೂ ತಲೆಯಾಡಿಸಿ, ಇಬ್ಬರಿಗೂ ಏನೂ ತಿಳಿಯದೆ, ಕತ್ತರಿ ಕೈಗೆ ಬಂದಿರುತ್ತದೆ.

ನಮ್ಮ ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬ ಹುಡುಗಿಗೆ ಆದದ್ದು ಹೇಳುತ್ತೇನೆ. ದಪ್ಪ ಕೂದಲು, ನೋಡಿದವರು ತಿರುಗಿ ನೋಡುವಂಥದ್ದು. ಸ್ವಲ್ಪ ಕಂದು ಬಣ್ಣ ಮಾಡಿಸಿಕೊಳ್ಳಲು ಹೋದಳು. ಅಲ್ಲಿ ಡಿಸೈನರ್ ಕೇಳಿದ್ದು ಒಂದೇ ಪ್ರಶ್ನೆ: ಮುಂಚೆ ಕಲರ್ ಹಾಕಿದ್ದೀಯಾ? ಇವಳು ಇಲ್ಲ ಅಂದಳು. ಇವಳ ಲೆಕ್ಕದಲ್ಲಿ ಮೆಹೆಂದಿ ಕಲರ್ ಅಲ್ಲ. ಅಜ್ಜಿ ತಂಪಿಗೆ ಅಂತ ರಜೆಯಲ್ಲಿ ಹಚ್ಚುತ್ತಿದ್ದದ್ದು, ಇಲ್ಲಿಗೆ ಬಂದ ಮೇಲೆ ಇಂಡಿಯನ್ ಅಂಗಡಿಯ ಪ್ಯಾಕೆಟ್‌ನಿಂದ ತಾನೇ ಹಚ್ಚಿಕೊಳ್ಳುತ್ತಿದ್ದದ್ದು. ಪೆರಾಕ್ಸೈಡ್ ಬೆರೆಸಿದ ಪುಡಿ ತಲೆಗೆ ಬಿದ್ದು ಸ್ವಲ್ಪ ಹೊತ್ತಿಗೆ ಸುತ್ತಿದ ಫಾಯಿಲ್ ಬಿಸಿಯಾಯಿತು. ಬಿಸಿ ಅಂತ ಹೇಳಲು ಅವಳಿಗೆ ಮುಜುಗರ. ತೊಳೆಯುವಾಗ ಒಂದು ಕಡೆಯ ಕೂದಲು ಕಿವಿಯ ಮಟ್ಟಕ್ಕೆ ತುಂಡಾಗಿ ಬೇಸಿನ್ನಿನಲ್ಲಿ ಬಿತ್ತು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆ ಕೇಳಿದವಳಿಗೆ ನಮ್ಮ ಅಡುಗೆಮನೆ, ಬಚ್ಚಲುಮನೆ ಗೊತ್ತಿಲ್ಲ. ಉತ್ತರ ಕೊಟ್ಟವಳಿಗೆ ಪ್ರಶ್ನೆಯ ಹಿಂದಿನ ಭಯ ಗೊತ್ತಿಲ್ಲ.

ಆದ್ದರಿಂದ ಮೆಹೆಂದಿಯ ವಿಷಯ ನೀನಾಗಿಯೇ ಬಾಯಿಬಿಟ್ಟು ಹೇಳು. ‘ಹೆನ್ನಾ’ ಅಂದರೆ ಅವರಿಗೆ ತಿಳಿಯುತ್ತದೆ. ಹಿತ್ತಲಿನ ಗಿಡದ ಸೊಪ್ಪು ಅರೆದು ಹಚ್ಚಿದ ಶುದ್ಧ ಮದರಂಗಿಯಾದರೂ ಅದರ ಬಣ್ಣ ಕೂದಲಿಗೆ ಅಂಟಿಕೊಂಡು ಕೂತಿರುತ್ತದೆ, ಪರ್ಮ್ ಆಗಲಿ ಬೇರೆ ಬಣ್ಣ ಆಗಲಿ ಸರಿಯಾಗಿ ಹಿಡಿಯಲು ಬಿಡುವುದಿಲ್ಲ. ಪ್ಯಾಕೆಟ್ಟಿನದು ಇನ್ನೂ ಕಷ್ಟ. ‘ಹರ್ಬಲ್’ ಅಂತ ಬರೆದಿರುವ ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ, ಕಪ್ಪು ಮೆಹೆಂದಿಯಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಮೊದಲನೆಯದು ಪೆರಾಕ್ಸೈಡ್ ಜೊತೆ ಸೇರಿದರೆ ಬಿಸಿಯೇರಿ ಕೂದಲನ್ನೇ ಸುಡುತ್ತದೆ. ಎರಡನೆಯದು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಮುಖ ಕಣ್ಣು ಊದಿಕೊಂಡು ಆಸ್ಪತ್ರೆ ಸೇರುವಂತಾಗುತ್ತದೆ. ಬಣ್ಣ ಹಾಕಿಸುವುದಾದರೆ 48 ಗಂಟೆ ಮುಂಚೆ ಕಿವಿಯ ಹಿಂದೆಯೋ ಮೊಣಕೈ ಮಡಿಕೆಯಲ್ಲೋ ಸ್ವಲ್ಪ ಹಚ್ಚಿ ನೋಡಲು ಕೇಳು. ಕೊಡುವುದಿಲ್ಲ ಅಂದರೆ ಅಲ್ಲಿ ಬಣ್ಣ ಹಾಕಿಸಬೇಡ.

ಇನ್ನು ನಿನ್ನ ತಲೆಯ ಚರಿತ್ರೆ. ಕೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್ ಬೆಳೆಯುತ್ತದೆ. ನಿನ್ನ ಜಡೆ ಸೊಂಟ ಮುಟ್ಟುತ್ತದೆ. ಹಾಗಾದರೆ ಅದರ ತುದಿ, ನೀನು ಇಂಜಿನಿಯರಿಂಗ್ ಸೇರಿದ ಹೊಸದರಲ್ಲಿ ನೆತ್ತಿಯಿಂದ ಹೊರಬಂದದ್ದು. ಹಾಸ್ಟೆಲ್ಲಿನ ಬೋರ್‌ವೆಲ್ ನೀರು, ಫೇರ್‌ವೆಲ್‌ಗೆ ಮುಂಚೆ ಪಾರ್ಲರಿನಲ್ಲಿ ಮಾಡಿಸಿದ ಸ್ಮೂತನಿಂಗ್, ದಿನಾ ಬೆಳಿಗ್ಗೆ ಒತ್ತಿದ ಸ್ಟ್ರೈಟ್ನರ್, ಎಲ್ಲವನ್ನೂ ಅದು ಹೊತ್ತುಕೊಂಡೇ ಇದೆ. ಬುಡದ ಕೂದಲು ತಡೆದುಕೊಳ್ಳುವ ಔಷಧಿಯನ್ನು ತುದಿ ತಡೆದುಕೊಳ್ಳುವುದಿಲ್ಲ. ‘ಒಂದೇ ಸಲ ಮಾಡಿಸಿದ್ದು, ಎರಡು ವರ್ಷ ಆಯ್ತಲ್ಲ’ ಅಂತ ಮುಚ್ಚಿಡಬೇಡ. ಎರಡು ವರ್ಷದ ಬೆಳವಣಿಗೆ ಅಂದರೆ ನಿನ್ನ ಅರ್ಧ ಜಡೆಯೂ ಅಲ್ಲ, ಅದರ ಕೆಳಗಿನದೆಲ್ಲ ಆಗಿನದೇ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪರ್ಮ್ ಅಂದರೆ ಮೇಲೆ ಮೇಲೆ ಮಾಡುವ ಸಿಂಗಾರವಲ್ಲ. ಕೂದಲು ಕೆರಾಟಿನ್ ಎಂಬ ಪ್ರೋಟೀನ್. ಅದರ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವುದು ಗಂಧಕದ ಕೊಂಡಿಗಳು. ಮೊದಲು ಹಚ್ಚುವ ದ್ರಾವಣ, ಅದು ಥಯೋಗ್ಲೈಕೊಲೇಟ್ ಇರಬಹುದು, ಸಿಸ್ಟಿಯಮೀನ್ ಇರಬಹುದು, ಆ ಕೊಂಡಿಗಳನ್ನು ಬಿಡಿಸುತ್ತದೆ. ರಾಡಿಗೆ ಸುತ್ತಿ ಆಕಾರ ಕೊಟ್ಟ ಮೇಲೆ ಎರಡನೆಯ ದ್ರಾವಣ ಅವನ್ನು ಮತ್ತೆ ಕಟ್ಟುತ್ತದೆ. ಅಂಗಿಯ ಗುಂಡಿ ಬಿಚ್ಚಿ ಬೇರೆ ಕಾಜಿಗೆ ಹಾಕಿದಂತೆ. ಕಾಜು ಗಟ್ಟಿಯಿದ್ದರೆ ಅಂಗಿ ಹೊಸ ರೀತಿ ಕೂರುತ್ತದೆ, ಮೊದಲೇ ಹರಿದಿದ್ದರೆ ಗುಂಡಿ ನಿಲ್ಲುವುದಿಲ್ಲ. ಒಳ್ಳೆಯ ಡಿಸೈನರ್ ಈ ಕಾರಣಕ್ಕೇ ಒದ್ದೆ ಕೂದಲಿನ ಒಂದು ಎಳೆಯನ್ನು ಮೆಲ್ಲಗೆ ಎಳೆದು ನೋಡುತ್ತಾಳೆ. ಹಿಗ್ಗಿ ಹಿಂದಕ್ಕೆ ಬಂದರೆ ಕಸುವಿದೆ ಅಂತ. ಹಿಗ್ಗಿದ್ದು ಹಾಗೇ ಉಳಿದರೆ, ಇಲ್ಲ ಪಟ್ಟನೆ ಕಿತ್ತುಬಂದರೆ, ಇವತ್ತು ಪರ್ಮ್ ಬೇಡ, ತುದಿ ಕತ್ತರಿಸೋಣ, ಆರು ತಿಂಗಳು ಬಿಟ್ಟು ಬಾ ಅನ್ನುತ್ತಾಳೆ. ಹಾಗಂದವಳ ಮೇಲೆ ಬೇಸರ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗಬೇಡ. ಕೈಗೆ ಬರುವ ದುಡ್ಡನ್ನು ಬಿಟ್ಟು ನಿನ್ನ ಕೂದಲನ್ನು ಉಳಿಸಿದವಳು ಅವಳು.

ಆ ಸಲೂನಿನವರ ಕೈ ಯಾಕೆ ಒಳ್ಳೆಯದು ಅಂತಲೂ ತಿಳಿದುಕೊ. ಪ್ಯಾಲಿಸೇಡ್ಸ್ ಪಾರ್ಕ್ ಸುಮಾರು 20 ಸಾವಿರ ಜನರ ಊರು. 2010ರ ಜನಗಣತಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ಕೊರಿಯನ್ ಮೂಲದವರು. ಬ್ರಾಡ್ ಅವೆನ್ಯೂ ಉದ್ದಕ್ಕೂ ಕೊರಿಯನ್ ಲಿಪಿಯ ಬೋರ್ಡುಗಳು. ಬೇಕರಿ, ದಂತವೈದ್ಯರು, ಅಕೌಂಟೆಂಟ್, ನಡುನಡುವೆ ಸಲೂನ್. ತಮ್ಮ ಜನರ ತಲೆಯನ್ನು ದಿನವಿಡೀ ನೋಡುವ ಸಲೂನುಗಳಿವು. ನೆಟ್ಟಗಿನ, ದಪ್ಪನೆಯ ಕಪ್ಪು ಕೂದಲಿಗೆ ಬುಡದಲ್ಲಿ ಉಬ್ಬು ಕೊಡುವುದು, ತುದಿಯನ್ನು ಒಳಕ್ಕೆ ತಿರುಗಿಸುವುದು, ಪದರ ಪದರವಾಗಿ ಕತ್ತರಿಸಿ ಭಾರ ಇಳಿಸುವುದು ಅವರಿಗೆ ಕರಗತ. ನಮ್ಮ ಕೂದಲು ಕಪ್ಪೇ ಆದರೂ ಅವರದಕ್ಕಿಂತ ಬೇರೆ. ನಮ್ಮಲ್ಲಿ ಹೆಚ್ಚಿನವರಿಗೆ ಅಲೆಯಿದೆ, ಒಣಗಿದಾಗ ಮೇಲಕ್ಕೆ ಸೇದಿಕೊಳ್ಳುತ್ತದೆ. ಒದ್ದೆಯಲ್ಲಿ ಭುಜಕ್ಕೆ ಬಂದದ್ದು ಒಣಗಿದ ಮೇಲೆ ಗಲ್ಲಕ್ಕೆ ಬಂದು ನಿಲ್ಲುತ್ತದೆ. ಅದಕ್ಕೇ ಮೊದಲ ಸಲ ಸ್ವಲ್ಪ ಉದ್ದವೇ ಬಿಡು, ಒಣಗಿಸಿ ನೋಡಿ ಆಮೇಲೆ ಮತ್ತೆ ಕತ್ತರಿಸೋಣ ಅಂತ ಕೇಳು. ಇಂಚಿನಲ್ಲಿ ಹೇಳಬೇಡ, ಅವರು ಸೆಂಟಿಮೀಟರಿನಲ್ಲಿ ಯೋಚಿಸುವವರು. ಕೊರಳೆಲುಬನ್ನು ಬೆರಳಿಟ್ಟು ತೋರಿಸು. ಫೋಟೊ ಒಯ್ಯುವುದಾದರೆ ಕೊರಿಯನ್ ಸೀರಿಯಲ್ಲಿನ ನಾಯಕಿಯದು ಬೇಡ, ನಿನ್ನಂಥ ಕೂದಲಿರುವವರದು ತೋರಿಸು. ಎರಡು ಫೋಟೊ ಇರಲಿ, ಹೀಗೆ ಬೇಕು ಅನ್ನುವುದಕ್ಕೆ ಒಂದು, ಹೀಗೆ ಮಾತ್ರ ಬೇಡ ಅನ್ನುವುದಕ್ಕೆ ಇನ್ನೊಂದು. ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಲೂನಿಗೆ ಹೋಗುವ ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡು, ಎಣ್ಣೆ ಮುಟ್ಟಿಸದೆ ಹೋಗು. ಅಮ್ಮ ಕಳಿಸಿದ ಕೊಬ್ಬರಿ ಎಣ್ಣೆ ಭಾನುವಾರಕ್ಕಿರಲಿ. ಎಣ್ಣೆಯ ಪದರವಿದ್ದರೆ ಔಷಧಿ ಸಮವಾಗಿ ಇಳಿಯುವುದಿಲ್ಲ.

ನೀನು ಕೇಳಿರುವ ಡಿಜಿಟಲ್ ಪರ್ಮ್‌ಗೆ ಮೂರು ನಾಲ್ಕು ಗಂಟೆ ಬೇಕು. ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು. ಬಿಸಿ ಕೊಟ್ಟು ಮಾಡುವ ಪರ್ಮ್ ಇದು, ಒಣಗಿದಾಗ ಗುಂಗುರು ಚೆನ್ನಾಗಿ ಕಾಣುತ್ತದೆ. ಬಿಸಿಯಿಲ್ಲದ ಹಳೆಯ ಪದ್ಧತಿಯದು ಒದ್ದೆಯಲ್ಲಿ ಎದ್ದು ಕಾಣುತ್ತದೆ. ‘ಮ್ಯಾಜಿಕ್’ ಅಂದರೆ ಪೂರ್ತಿ ನೆಟ್ಟಗೆ ಮಾಡುವುದು, ಗೊಂದಲ ಮಾಡಿಕೊಳ್ಳಬೇಡ. ಡಿಸೈನರ್ ನಿನ್ನ ಹಿಂದೆ ನಿಂತಾಗ ಪಕ್ಕದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಸಹಾಯಕಿ ಟ್ರೇ ಹಿಡಿದು ನಿಂತಿರುತ್ತಾಳೆ. ತೆಳ್ಳನೆಯ ಕಾಗದವೊಂದನ್ನು ಕೊಡುತ್ತಾಳೆ, ಡಿಸೈನರ್ ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದಂತೆ ಕೂದಲು ವಿಂಗಡಿಸಿ, ತುದಿಗೆ ಕಾಗದ ಮಡಿಸಿ, ರಾಡಿಗೆ ಸುತ್ತಿ ಮೇಲಕ್ಕೆ ತರುತ್ತಾಳೆ. ಅಷ್ಟರಲ್ಲಿ ಮುಂದಿನ ಕಾಗದ ಕೈಗೆ ಬಂದಿರುತ್ತದೆ. ಇಬ್ಬರ ನಡುವೆ ಒಂದು ಮಾತಿಲ್ಲ. ರಾಡ್ ನೆತ್ತಿಗೆ, ಕಿವಿಗೆ ತಾಗದಂತೆ ಕೆಳಗೆ ಮೆತ್ತೆ ಇಡುತ್ತಾರೆ. ಆಮೇಲೆ ಮೇಲಿನ ಸ್ಟ್ಯಾಂಡಿನಿಂದ ಇಳಿಬಿಟ್ಟ ವೈರುಗಳನ್ನು ಒಂದೊಂದಾಗಿ ರಾಡುಗಳಿಗೆ ಸಿಕ್ಕಿಸುತ್ತಾರೆ. ಮೊಬೈಲು ಕೆಳಗಿಟ್ಟು ಆ ಕೈಗಳನ್ನು ನೋಡು. ವರ್ಷಗಟ್ಟಲೆ ನಿಂತು ಕಲಿತ ವಿದ್ಯೆ ಅದು. ಬಿಸಿ ತಾಗಿದರೆ, ಔಷಧಿ ಉರಿದರೆ, ಅದೇ ಕ್ಷಣ ಕೈ ಎತ್ತಿ ‘ಹಾಟ್’ ಅನ್ನು. ತಡೆದುಕೊಂಡು ಕೂರುವುದು ಸಭ್ಯತೆಯಲ್ಲ, ಆಕೆಗೂ ಅದರಿಂದ ಉಪಕಾರವಿಲ್ಲ.

ಆಕೆಯನ್ನು ಏನೆಂದು ಕರೆಯುವುದು ಅಂತ ಕೇಳಬಹುದು. ಸೀರಿಯಲ್ ನೋಡಿ ಕಲಿತ ‘ಅಜುಮ್ಮಾ’ ಬೇಡ. ನಮ್ಮಲ್ಲಿ ಮೂವತ್ತರ ಹೆಂಗಸನ್ನು ಗುರುತಿಲ್ಲದವರು ‘ಆಂಟಿ’ ಅಂದರೆ ಚುಚ್ಚುವಷ್ಟೇ ಅದೂ ಚುಚ್ಚುತ್ತದೆ. ಅವರ ಜನ ಡಿಸೈನರನ್ನು ‘ಸೊನ್‌ಸೆಂಗ್‌ನಿಮ್’ ಅಂತಾರೆ, ಗುರುಗಳಿಗೆ ಹೇಳುವ ಮಾತು. ನೀನೂ ಹಾಗೇ ಕರೆ. ಬಾಯಿಗೆ ಬಾರದಿದ್ದರೆ ನಕ್ಕು ನಮಸ್ಕಾರ ಹೇಳಿದರೂ ಸಾಕು. ದುಡ್ಡು ಕೊಡುವಾಗ, ಏನಾದರೂ ತೆಗೆದುಕೊಳ್ಳುವಾಗ ಎರಡೂ ಕೈ ಚಾಚು. ಅವರಲ್ಲಿ ಅದು ಹಿರಿಯರಿಗೆ ಕೊಡುವ ಗೌರವ.

ಗೌರವದ ವಿಷಯದಲ್ಲಿ ನಿನಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ನಮ್ಮ ಊರುಗಳಲ್ಲಿ ಕ್ಷೌರದ ಕೆಲಸ ಮಾಡುವವರನ್ನು ಮನೆಯ ಹಿತ್ತಲಿಗೆ ಕರೆದು, ಕೆಲಸ ಮುಗಿಸಿಕೊಂಡು, ಸ್ನಾನ ಮಾಡಿ ಶುದ್ಧವಾದೆವು ಅಂದುಕೊಂಡ ಕಾಲವಿತ್ತು. ಆ ಭಾವನೆ ಎಷ್ಟೋ ಜನರ ದನಿಯಲ್ಲಿ ಇನ್ನೂ ಉಳಿದಿದೆ, ಪಾಸ್‌ಪೋರ್ಟಿನ ಜೊತೆ ಇಲ್ಲಿಗೂ ಬಂದಿದೆ. ‘ಕೂದಲು ಕತ್ತರಿಸುವವಳಿಗೆ ಇಷ್ಟು ದುಡ್ಡಾ’ ಅಂತ ನಮ್ಮವರೇ ಪಾರ್ಟಿಗಳಲ್ಲಿ ಆಡುವುದನ್ನು ಕೇಳಿ ನನಗೆ ನಾಚಿಕೆಯಾಗಿದೆ. ನ್ಯೂಜರ್ಸಿಯಲ್ಲಿ ಕಾಸ್ಮೆಟಾಲಜಿ ಲೈಸೆನ್ಸ್ ಬೇಕೆಂದರೆ 1200 ಗಂಟೆ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ಗೋಡೆಯ ಮೇಲೆ ಆ ಲೈಸೆನ್ಸ್ ತೂಗುಹಾಕಿರುತ್ತಾರೆ, ಒಳಗೆ ಹೋದಾಗ ನೋಡು. ಇಲ್ಲದಿದ್ದರೆ ಹಿಂದಕ್ಕೆ ಬಾ.

ಕೊರಿಯನ್ನರಿಗೂ ಕೂದಲಿಗೂ ಇರುವ ನಂಟು ಇವತ್ತಿನ ಫ್ಯಾಷನ್ ಅಲ್ಲ. 1895ರಲ್ಲಿ, ಜಪಾನಿನ ಒತ್ತಡ ಅರಮನೆಯ ಒಳಗೇ ಕೂತಿದ್ದಾಗ, ಗಂಡಸರೆಲ್ಲ ಜುಟ್ಟು ಕತ್ತರಿಸಬೇಕು ಅಂತ ಆಜ್ಞೆ ಹೊರಟಿತು. ದೇಹ, ಕೂದಲು ತಂದೆತಾಯಿ ಕೊಟ್ಟದ್ದು, ಅದನ್ನು ಕೆಡಿಸಬಾರದು ಅಂತ ನಂಬಿದ್ದ ಜನ ದಂಗೆ ಎದ್ದರು. ಕೊರಿಯಾ ಯುದ್ಧ ಮುಗಿದ ಮೇಲಿನ ಬಡತನದಲ್ಲಿ ಅದೇ ನಾಡಿನ ಹೆಂಗಸರು ಜಡೆ ಕತ್ತರಿಸಿ ಮಾರಿದರು. 1960ರ ದಶಕದ ಕೊನೆಯ ಹೊತ್ತಿಗೆ ವಿಗ್ ದಕ್ಷಿಣ ಕೊರಿಯಾದ ದೊಡ್ಡ ರಫ್ತುಗಳಲ್ಲಿ ಒಂದು, ಹೆಚ್ಚಿನ ಪಾಲು ಬಂದದ್ದು ಅಮೆರಿಕಕ್ಕೆ. ಅವುಗಳನ್ನು ಕಟ್ಟಿದ್ದು ಹಳ್ಳಿಯಿಂದ ಬಂದ ನಿನ್ನ ವಯಸ್ಸಿನ ಹುಡುಗಿಯರು. 1979ರ ಆಗಸ್ಟಿನಲ್ಲಿ ವೈಎಚ್ ಎಂಬ ವಿಗ್ ಕಂಪನಿ ಬಾಗಿಲು ಹಾಕಿದಾಗ ಅಲ್ಲಿನ ಹೆಣ್ಣುಮಕ್ಕಳು ಸೋಲ್ ನಗರದಲ್ಲಿ ವಿರೋಧ ಪಕ್ಷದ ಕಚೇರಿಯೊಳಗೆ ಧರಣಿ ಕೂತರು. ಪೊಲೀಸರು ನುಗ್ಗಿದರು, ಕಿಮ್ ಕ್ಯೊಂಗ್ ಸುಕ್ ಎಂಬ ಯುವತಿ ಪ್ರಾಣ ಕಳೆದುಕೊಂಡಳು. ಸರ್ವಾಧಿಕಾರದ ವಿರುದ್ಧದ ಸಿಟ್ಟು ಅಲ್ಲಿಂದ ಇನ್ನಷ್ಟು ಕಾವೇರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಸರ್ವಾಧಿಕಾರ ನಡೆಸುತ್ತಿದ್ದ ಅಧ್ಯಕ್ಷ ಪಾರ್ಕ್ ಚುಂಗ್ ಹೀಯ ಹತ್ಯೆಯಾಯಿತು. ಅಮೆರಿಕಕ್ಕೆ ವಲಸೆ ಬಂದ ಎಷ್ಟೋ ಕೊರಿಯನ್ನರು ಮೊದಲು ಹೊಟ್ಟೆ ಹೊರೆದದ್ದೂ ವಿಗ್ ಅಂಗಡಿಯಿಂದಲೇ. ಅವರಿಗೂ ನಮಗೂ ಈ ದೇಶದ ಬಾಗಿಲು ತೆರೆದದ್ದು 1965ರ ಒಂದೇ ವಲಸೆ ಕಾಯ್ದೆ. ಇತ್ತ ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಹೆಂಗಸರು ಇವತ್ತಿಗೂ ಕೂದಲಿನ ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ವಿಗ್ಗಿನ ವ್ಯಾಪಾರಕ್ಕೆ ಕಳಿಸಿ ಸಂಸಾರ ನಡೆಸುತ್ತಿದ್ದಾರೆ. ಕುರ್ಚಿಯ ಹಿಂದೆ ನಿಂತವಳ ಅಮ್ಮನೋ ಅಜ್ಜಿಯೋ ಅಂಥದೇ ಒಂದು ಕೋಣೆಯಲ್ಲಿ ಕೂತು ಕಣ್ಣು ಸವೆಸಿರಬಹುದು. ಇದು ನಿನ್ನ ಮನಸ್ಸಿನಲ್ಲಿದ್ದರೆ ಆಕೆಯ ಜೊತೆ ಹೇಗೆ ಮಾತಾಡಬೇಕು ಅಂತ ನಾನು ಬೇರೆ ಹೇಳಿಕೊಡಬೇಕಿಲ್ಲ.

ಇನ್ನು ದುಡ್ಡಿನ ಮಾತು. ಕೆಲಸ ಶುರುವಾಗುವ ಮುಂಚೆ ಒಟ್ಟು ಎಷ್ಟಾಗುತ್ತದೆ ಅಂತ ಕೇಳು. ಬೋರ್ಡಿನಲ್ಲಿರುವುದು ಕಡಿಮೆ ಎಂದರೆ ಎಷ್ಟು ಅನ್ನುವ ದರ. ಉದ್ದಕ್ಕೆ, ದಪ್ಪಕ್ಕೆ ತಕ್ಕಂತೆ ಏರುತ್ತದೆ, ನಿನ್ನ ಜಡೆಗೆ ಖಂಡಿತ ಏರುತ್ತದೆ. ಡಿಜಿಟಲ್ ಪರ್ಮ್ 200 ಡಾಲರ್ ದಾಟುವುದು ಮಾಮೂಲು. ಕತ್ತರಿಸುವುದು ಅದರಲ್ಲೇ ಸೇರಿದೆಯಾ, ಬೇರೆಯಾ ಕೇಳು. ‘ಕ್ಲಿನಿಕ್’ ಮಾಡಿಸು ಅನ್ನಬಹುದು. ಅದು ಕೂದಲಿಗೆ ಹಚ್ಚಿ ನುಣುಪು ತರುವ ಆರೈಕೆ, ಕೆಲವು ವಾರ ಇರುತ್ತದೆ. ಬೆಳೆದು ಹೊರಬಂದ ಕೂದಲು ಜೀವವಿಲ್ಲದ್ದು, ಅದನ್ನು ವಾಸಿ ಮಾಡುವ ಔಷಧಿ ಯಾರ ಹತ್ತಿರವೂ ಇಲ್ಲ. ಬೇಕಿದ್ದರೆ ಮಾಡಿಸು, ಬೇಡವಾದರೆ ‘ನೆಕ್ಸ್ಟ್ ಟೈಮ್’ ಅನ್ನು. ನಗದು ಕೊಟ್ಟರೆ ಎಷ್ಟು, ಕಾರ್ಡಿಗೆ ಎಷ್ಟು ಅಂತ ಕೇಳುವುದರಲ್ಲಿ ಅವಮಾನವಿಲ್ಲ. ಕೊರಿಯಾದಲ್ಲಿ ಟಿಪ್ಸ್ ಪದ್ಧತಿಯಿಲ್ಲ, ಆದರೆ ನೀನಿರುವುದು ಅಮೆರಿಕದಲ್ಲಿ. ನೂರಕ್ಕೆ 15ರಿಂದ 20ರಷ್ಟು ಮೊದಲೇ ಲೆಕ್ಕದಲ್ಲಿಟ್ಟುಕೊಂಡು ಹೋಗು. ತಲೆ ತೊಳೆದ ಆ ಸಹಾಯಕಿಗೆ ಬೇರೆಯಾಗಿ ಕೈಗೆ ಕೊಡು. ಬೆಚ್ಚಗಿನ ನೀರು ಬಿಡುತ್ತ ಕುತ್ತಿಗೆಯ ನರ ಹಿಡಿದು ಒತ್ತುತ್ತಾಳಲ್ಲ, ದೂರದ ಊರಿನಲ್ಲಿ ಒಬ್ಬಳೇ ಇರುವ ನಿನ್ನಂಥವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ತಮ್ಮನಿಗೆ: ಅವನು ಕಳಿಸಿದ್ದು ಟು ಬ್ಲಾಕ್ ಕಟ್ಟಿನ ಫೋಟೊ. ಪಕ್ಕದಲ್ಲಿ ಗಿಡ್ಡ, ಮೇಲೆ ಉದ್ದ. ಅವನ ಗುಂಗುರಿಗೆ ಮೇಲಿನ ಭಾಗ ಫೋಟೊದಲ್ಲಿದ್ದಂತೆ ಮಲಗುವುದಿಲ್ಲ, ಅದನ್ನು ತಿಳಿದುಕೊಂಡೇ ಕೂರಲಿ. ಪಕ್ಕದ ಕೂದಲು ಮುಳ್ಳಿನಂತೆ ನಿಲ್ಲುವವರಿಗೆ ‘ಡೌನ್ ಪರ್ಮ್’ ಮಾಡುತ್ತಾರೆ. ಅವನಿಗೆ ಅದು ಬೇಕಿಲ್ಲ, ದುಡ್ಡು ಉಳಿಸಲಿ.

ಎಲ್ಲ ಮುಗಿದ ಮೇಲೆ ಕನ್ನಡಿ ಹಿಂದಕ್ಕೆ ಹಿಡಿದು ತೋರಿಸುತ್ತಾರೆ. ಆಗ ಸರಿಯಾಗಿ ನೋಡು. ಒಂದು ಕಡೆ ಉದ್ದವಿದ್ದರೆ ಅಲ್ಲೇ ಹೇಳು, ಮುಖ ಕೆಡಿಸಿಕೊಳ್ಳದೆ ಸರಿಮಾಡುತ್ತಾರೆ. ಮನೆಗೆ ಬಂದ ಮೇಲೆ ಒಂದು ಕಡೆಯ ಗುಂಗುರು ನಿಲ್ಲದಿದ್ದರೆ ವಾರದೊಳಗೆ ಫೋನ್ ಮಾಡಿ ಅದೇ ಡಿಸೈನರ್ ಹತ್ತಿರ ಹೋಗು. ಅಲ್ಲಿ ಚಂದ ಅಂತ ನಕ್ಕು ಬಂದು, ಇಲ್ಲಿ ನನ್ನ ಹತ್ತಿರ ಅತ್ತು, ಆಮೇಲೆ ಹೆಸರು ಮರೆಸಿ ಆನ್‌ಲೈನಿನಲ್ಲಿ ಕೆಟ್ಟದಾಗಿ ಬರೆಯುವುದು ನನಗೆ ಹಿಡಿಸದ ಗುಣ. ತನ್ನ ಕೆಲಸ ಕೆಟ್ಟಿದ್ದರೆ ತಿಳಿದುಕೊಳ್ಳುವ ಹಕ್ಕು ಆಕೆಗಿದೆ.

ಪರ್ಮ್ ಆದ ಮೇಲೆ ಎರಡು ದಿನ ತಲೆಗೆ ನೀರು ಹಾಕಬೇಡ, ಜಡೆ ಬೇಡ, ಕ್ಲಿಪ್ ಬೇಡ. ಒಣಗಿಸುವ ರೀತಿಯನ್ನು ಆಕೆಯ ಕೈಯಿಂದಲೇ ಕಲಿ. ಕೂದಲನ್ನು ಎರಡು ಭಾಗ ಮಾಡಿ, ಬೆರಳಿಗೆ ಹೊರಮುಖವಾಗಿ ಸುತ್ತಿ, ಬಿಸಿಗಾಳಿ ತಾಗಿಸಿ, ತಣ್ಣಗಾಗುವವರೆಗೆ ಹಿಡಿದು ಬಿಡುತ್ತಾರೆ. ‘ನಾನು ಮಾಡಲಾ’ ಅಂತ ಕೇಳಿ ಅಲ್ಲೇ ಒಂದು ಸಲ ಮಾಡಿ ತೋರಿಸು. ಒಪ್ಪಿದರೆ ವಿಡಿಯೊ ಮಾಡಿಕೊ.

ಹೊರಡುವ ಮುಂಚೆ ಆಕೆ ಹಚ್ಚಿದ್ದು ಯಾವ ದ್ರಾವಣ, ಬಣ್ಣವಾದರೆ ಯಾವ ನಂಬರು ಅಂತ ಕೇಳಿ, ದಿನಾಂಕದ ಜೊತೆ ಫೋನಿನಲ್ಲಿ ಬರೆದಿಟ್ಟುಕೊ. ಡಿಸೆಂಬರಿನಲ್ಲಿ ಅಕ್ಕನ ಮದುವೆಗೆ ಮೈಸೂರಿಗೆ ಹೋದಾಗ, ಪಾರ್ಲರಿನ ಹುಡುಗಿ ನಿನ್ನ ತಲೆಗೆ ಏನನ್ನಾದರೂ ಮುಟ್ಟಿಸುವ ಮುಂಚೆ ಅದನ್ನು ತೆಗೆದು ತೋರಿಸು. ಅಜ್ಜಿ ಮೆಹೆಂದಿ ಬಟ್ಟಲು ಹಿಡಿದು ಬಂದರೆ, ಈ ಸಲ ಕೈಗೆ ಮಾತ್ರ ಅಜ್ಜಿ, ತಲೆಗೆ ಬೇಡ ಅಂತ ಹೇಳು. ಅವರಿಗೆ ನಾನು ಮುಂಚೆಯೇ ಫೋನ್ ಮಾಡಿ ಹೇಳಿರುತ್ತೇನೆ.

ನಿನ್ನ,
ದೊಡ್ಡಮ್ಮ